ನಮ್ಮೂರಿನ ಪುಟಕ್ಕೆ ನಾವೇ ಸಾಕ್ಷಿಗಳೇ?

ವಿಕಿಪೀಡಿಯ ಎಂಬ ಅಂತರ್ಜಾಲ ವಿಶ್ವಕೋಶದಲ್ಲಿ ಗಡಿಸೀಮೆಯ ಊರುಗಳ ಬಗೆಗೆ ಬರೆಯಿರೆಂದು ಕಿರಿಯರನ್ನು ಹುರಿದುಂಬಿಸುತ್ತಿರುವವರು ನಾವೇ. ಆದರೆ ದೇವಸ್ಥಾನದ ಸಮಿತಿಯವರೇ ದೇವಸ್ಥಾನದ ಪುಟವನ್ನು, ಪದಾಧಿಕಾರಿಗಳೇ ಸಂಘದ ಪುಟವನ್ನು, ಅಳಿಯನೇ ಮಾವನ ಪುಟವನ್ನು ಬರೆದರೆ ಅದು ವಿಶ್ವಕೋಶವಲ್ಲ, ಅಭಿನಂದನ ಗ್ರಂಥ. (ಅವುಗಳಿಗೆ ನಮ್ಮಲ್ಲಿ ಕೊರತೆಯೇನೂ ಇಲ್ಲ.)

ನೇಮಕಲ್ಲಿನ ಆಂಜನೇಯನನ್ನು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ನಾವು ನಂಬಿದ್ದೇವೆ. ವಿಶ್ವಕೋಶದಲ್ಲಿ ಅದನ್ನು 'ಪ್ರತೀತಿ' ಎಂದೇ ಬರೆಯಬೇಕು. ಭಕ್ತನ ಕೈಗೆ ಆ ಒಂದು ಪದವೇ ಭಾರ.

ಭಾಷೆಯ ವಿಷಯದಲ್ಲಂತೂ ನಾವೆಲ್ಲರೂ ಕಕ್ಷಿದಾರರು. 1953ರಲ್ಲಿ ರಾಯದುರ್ಗವು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ನೋವು ಇನ್ನೂ ಆರಿಲ್ಲ. ಆದರೆ ನೋವು ಆಧಾರವಾಗದು. ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು ಎನ್ನಲು ನಮ್ಮ ಅಭಿಮಾನ ಬೇಕಿಲ್ಲ. ಮದ್ರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ 1939ರಲ್ಲಿಯೇ ಅಚ್ಚಾಗಿದೆ. ಶಾಸನವನ್ನು ಮುಂದಿಟ್ಟರೆ ತೆಲುಗು ನೆರೆಯವರೂ ಒಪ್ಪುವರು. ಬರಿಯ ವಿಶೇಷಣಗಳನ್ನು ಪೇರಿಸಿದರೆ ಅಳಿಸುವರು, ಅಳಿಸುವುದೇ ನ್ಯಾಯ.

'ನಮ್ಮೂರನ್ನು ನಾವಲ್ಲದೆ ಇನ್ನಾರು ಬರೆದಾರು?' ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬರೆಯೋಣ. ಸ್ವಂತ ಹಿತವಿರುವಲ್ಲಿ ಮಾತ್ರ ಸಂಬಂಧವನ್ನು ಬಾಯಿಬಿಟ್ಟು ಹೇಳಿ, ತಿದ್ದುಪಡಿಯನ್ನು ಚರ್ಚೆಯ ಪುಟದಲ್ಲಿಟ್ಟು, ಸೇರಿಸುವ ಕೆಲಸವನ್ನು ಬೇರೆಯವರಿಗೆ ಬಿಡೋಣ. ಹಣ ಪಡೆದು ಬರೆಯುವವರು ಅದನ್ನು ಪ್ರಕಟಿಸಲೇಬೇಕೆಂಬ ನಿಯಮ 2014ರಿಂದಲೇ ಇದೆ. ತನ್ನ ಹೊಲದ ತಕರಾರು ಬಂದಾಗ ಪಂಚನಾದವನು ಕಟ್ಟೆಯಿಂದಿಳಿದು ಕೂರುವುದು ಮರ್ಯಾದೆ. ಕನ್ನಡ ವಿಕಿಪೀಡಿಯದ ಸಮಾಲೋಚನೆಯ ತಾಣಕ್ಕೂ 'ಅರಳಿ ಕಟ್ಟೆ' ಎಂದೇ ಹೆಸರು.

ನಮ್ಮ ಸಂಘಕ್ಕೂ ಒಂದು ಪುಟ ಬೇಕೆಂಬ ಸಲಹೆ ಈ ಸಮ್ಮೇಳನದಲ್ಲಿ ಬಂದೀತು. ಅದನ್ನು ಬರೆಯುವವರು ನಾವಾಗುವುದು ಬೇಡ.