ಹೆಸರು ಓದ್ಬೇಡಿ, ತಂತಿ ಮೀಟಿ

ಗಿಟಾರ್ ಅಂಗಡಿಗೆ ಹೋದವರ ಕಣ್ಣು ಮೊದಲು ಎಲ್ಲಿ ಬೀಳುತ್ತೆ, ಗಮನಿಸಿದ್ದೀರಾ? ಸೀದಾ ಕತ್ತಿನ ತುದಿಯಲ್ಲಿರೋ ಹೆಸರಿನ ಮೇಲೆ. ‘ಫೆಂಡರ್’ ಅಂತಿದ್ದರೆ ಮುಖದಲ್ಲಿ ಭಕ್ತಿ. ‘ಸ್ಕ್ವಾಯರ್’ ಅಂತಿದ್ದರೆ ‘ಓ, ಇದಾ’ ಅನ್ನೋ ಒಂದು ಸಣ್ಣ ರಾಗ. ಎರಡೂ ಒಂದೇ ಕಂಪನಿಯ ಹೆಸರುಗಳು. ಎರಡರಲ್ಲೂ ಸ್ಟ್ರಾಟೋಕ್ಯಾಸ್ಟರ್ ಸಿಗುತ್ತೆ. ಅದೇ ಎರಡು ಕೊಂಬು, ಅದೇ ಮೂರು ಪಿಕಪ್, ತಂತಿಗೆ ಅದೇ 25.5 ಇಂಚಿನ ಅಳತೆ. ಆದರೆ ಬೆಲೆ ನೋಡಿ: ಅಮೆರಿಕದಲ್ಲಿ ಅಗ್ಗದ ಸ್ಕ್ವಾಯರ್ ಸ್ಟ್ರಾಟ್ ಸುಮಾರು 200 ಡಾಲರ್‌ಗೆ ಸಿಗುತ್ತೆ. ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ (ಹೌದು, ಊರಿನ ಹೆಸರೇ ಅದು) ತಯಾರಾಗೋ ಫೆಂಡರ್ ಬೇಕು ಅಂದ್ರೆ ಸಾಮಾನ್ಯವಾಗಿ 1,500 ಡಾಲರ್ ದಾಟುತ್ತೆ.

ಆ ‘ಓ, ಇದಾ’ ಅನ್ನೋ ರಾಗದ ಮೇಲೆ ನನಗೆ ಸಿಟ್ಟಿದೆ. ಯಾಕಂದ್ರೆ ಅದನ್ನ ಎಳೆದವನು ನಾನೇ.

ನಮ್ಮ ಅಕ್ಕನ ಮಗ ಪಿಯುಸಿ ಮುಗಿಸಿದ ರಜೆಯಲ್ಲಿ ಡೇಟಾ ಎಂಟ್ರಿ ಕೆಲಸ ಮಾಡಿ, ಅಜ್ಜಿ ಹತ್ರ ಒಂದಿಷ್ಟು ವಸೂಲಿ ಮಾಡಿ, ಒಂದು ಕಪ್ಪು ಸ್ಕ್ವಾಯರ್ ಸ್ಟ್ರಾಟ್ ತಂದಿದ್ದ. “ಮಾಮ, ಹೇಗಿದೆ ನೋಡು” ಅಂತ ಕೈಗಿಟ್ಟ. ನಾನು ಪ್ಲಗ್ ಕೂಡ ಹಾಕಲಿಲ್ಲ. ಹೆಸರು ಓದಿದೆ. “ಪರ್ವಾಗಿಲ್ಲ ಕಣೋ, ಕಲಿಯೋಕೆ ಸಾಕು. ಕೆಲಸ ಸಿಕ್ಕಮೇಲೆ ಒರಿಜಿನಲ್ ತಗೊಳ್ಳುವೆಯಂತೆ” ಅಂದೆ. ದೊಡ್ಡ ಜ್ಞಾನಿಯ ಥರ.

ಆರು ತಿಂಗಳ ಮೇಲೆ ಅಕ್ಕನ ಮನೆಗೆ ಹೋದಾಗ ಗಿಟಾರ್ ಮಂಚದ ಕೆಳಗೆ, ಹಳೇ ಸೂಟ್‌ಕೇಸಿನ ಪಕ್ಕದಲ್ಲಿತ್ತು. ಯಾಕೋ ಅಂತ ಕೇಳಿದ್ರೆ, “ಎಷ್ಟು ಟ್ಯೂನ್ ಮಾಡಿದ್ರೂ ಕಾರ್ಡ್ ಸರಿಯಾಗಿ ಕೇಳಲ್ಲ ಮಾಮ. ನೀನೇ ಹೇಳಿದ್ಯಲ್ಲ, ಇದು ಒರಿಜಿನಲ್ ಅಲ್ಲ ಅಂತ” ಅಂದ.

ಆಚೆ ತೆಗೆದು ನೋಡಿದೆ. ತೊಂದರೆ ಇದ್ದಿದ್ದು ನಟ್‌ನಲ್ಲಿ. ಕತ್ತಿನ ತುದಿಯಲ್ಲಿ ತಂತಿಗಳು ಕೂರೋ ಬಿಳಿ ಪಟ್ಟಿ ಇರುತ್ತಲ್ಲ, ಅದು. ಅದರ ಸಂದುಗಳನ್ನ ಸಾಕಷ್ಟು ಆಳಕ್ಕೆ ಕೊರೆದಿರಲಿಲ್ಲ. ತಂತಿ ಎತ್ತರದಲ್ಲಿ ಕೂತಿತ್ತು. ಹಾಗಿದ್ದಾಗ ಮೊದಲ ಎರಡು ಮೂರು ಫ್ರೆಟ್‌ನಲ್ಲಿ ಒತ್ತಿದರೆ ತಂತಿ ಅಗತ್ಯಕ್ಕಿಂತ ಜಾಸ್ತಿ ಎಳೆದುಕೊಂಡು ಸ್ವರ ಮೇಲಕ್ಕೆ ಜಾರುತ್ತೆ. ಬಿಡಿ ತಂತಿ ಶ್ರುತಿಯಲ್ಲೇ ಇರುತ್ತೆ, ಕಾರ್ಡ್ ಹಿಡಿದ ತಕ್ಷಣ ಅಪಸ್ವರ. ಬೆರಳು ಬೇರೆ ನೋಯುತ್ತೆ. ಹೊಸದಾಗಿ ಕಲಿಯುವವರು ನುಡಿಸೋದೇ ಆ ಮೂರು ಫ್ರೆಟ್‌ನಲ್ಲಿ! ರಿಪೇರಿ ಮಾಡುವವರ ಹತ್ರ ಒಯ್ದೆ. ಅವರು ಸಣ್ಣ ಅರ ತಗೊಂಡು ಸಂದುಗಳನ್ನ ಉಜ್ಜಿ, ಕತ್ತಿನೊಳಗಿನ ಕಬ್ಬಿಣದ ಸರಳನ್ನ ಸ್ವಲ್ಪ ತಿರುಗಿಸಿ, ಬ್ರಿಜ್ ಸರಿ ಮಾಡಿ ಕೊಟ್ಟರು. ಒಂದು ಗಂಟೆ ಕೂಡ ಆಗಲಿಲ್ಲ. ನಾಲ್ಕು ಜನ ಹೋಟೆಲಲ್ಲಿ ಊಟ ಮಾಡಿದಷ್ಟು ಖರ್ಚು. ಕಾರ್ಡ್‌ಗಳು ನೆಟ್ಟಗಾದವು.

ಅವನಿಗೆ ಬೇಕಾಗಿದ್ದದ್ದು ಆ ಒಂದು ಗಂಟೆ ಕೆಲಸ. ನಾನು ಕೊಟ್ಟಿದ್ದು ಒಂದು ತೀರ್ಪು. ಹಾಳಾಗಿದ್ದು ಹದಿನೆಂಟರ ಹುಡುಗನ ಆರು ತಿಂಗಳ ಹುಮ್ಮಸ್ಸು.

ನಮ್ಮ ಈ ‘ಒರಿಜಿನಲ್’ ಭಕ್ತಿಯ ಬುಡವನ್ನೇ ಸ್ವಲ್ಪ ಅಗೆದು ನೋಡೋಣ. ಲಿಯೋ ಫೆಂಡರ್ ಅನ್ನೋ ಮಹಾಶಯ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ದವರು. ಅವರಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಅವರು ಹುಡುಕಿದ್ದು ಕಾರ್ಖಾನೆಯಲ್ಲಿ ಸುಲಭವಾಗಿ ಮಾಡಬಹುದಾದ, ಕೆಟ್ಟರೆ ಸುಲಭವಾಗಿ ರಿಪೇರಿ ಮಾಡಬಹುದಾದ ವಾದ್ಯ. ಅದಕ್ಕೇ ಕತ್ತನ್ನ ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಒಳಗೆ ಪೊಳ್ಳಿಲ್ಲದ, ಒಂದು ಹಲಗೆಯಂಥ ಮೈ. 1950ರ ಹೊತ್ತಿಗೆ ಟೆಲಿಕ್ಯಾಸ್ಟರ್‌ನ ಪೂರ್ವಜ ಬಂದಾಗ ಹಳೇ ಕಸುಬಿನವರು ಅದನ್ನ ದೋಣಿಯ ಹುಟ್ಟು, ಹಿಮ ಬಾಚೋ ಸಲಿಕೆ ಅಂತೆಲ್ಲ ಗೇಲಿ ಮಾಡಿದರು. ಅಂದ್ರೆ ಇವತ್ತು ನಾವು ಸ್ಕ್ವಾಯರ್ ನೋಡಿ ಮಾಡೋ ಮುಖವನ್ನೇ ಅವತ್ತು ಫೆಂಡರ್ ನೋಡಿ ಮಾಡಿದ್ದರು.

1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಬಂದಾಗ ಅದರ ಬೆಲೆ 250 ಡಾಲರ್‌ಗೆ ಐವತ್ತು ಸೆಂಟ್ ಕಡಿಮೆ. ಆ ಕಾಲಕ್ಕೆ ಅದೇನು ಅಗ್ಗ ಅಲ್ಲ, ಇವತ್ತಿನ ಹಣದಲ್ಲಿ ಎರಡೂವರೆ ಸಾವಿರ ಡಾಲರ್ ದಾಟುತ್ತೆ. ಶಾಲೆ ಹುಡುಗರು ಕಿಟಕಿಯಿಂದ ನೋಡಿ ನಿಟ್ಟುಸಿರು ಬಿಡಬೇಕಾದ ವಸ್ತು. ಯಂತ್ರದಲ್ಲಿ ಮಾಡೋ, ಬಿಡಿಭಾಗ ಬದಲಿಸೋ ಗಿಟಾರ್ ಅನ್ನೋ ಲಿಯೋ ಅವರ ಆಲೋಚನೆ ರಜೆಯಲ್ಲಿ ದುಡಿದ ಹುಡುಗನ ಕೈಗೆ ತಲುಪಿದ್ದು ಈ ಅಗ್ಗದ ಆವೃತ್ತಿಯಿಂದ. ಹಾಗೆ ನೋಡಿದ್ರೆ ಆ ಆಲೋಚನೆಗೆ ಸ್ಕ್ವಾಯರ್ ತುಂಬಾ ಹತ್ತಿರದ ವಾರಸುದಾರ.

ಲಿಯೋ 1965ರಲ್ಲಿ ಕಂಪನಿಯನ್ನ ಸಿಬಿಎಸ್‌ಗೆ 130 ಲಕ್ಷ ಡಾಲರ್‌ಗೆ ಮಾರಿದರು. ಅಲ್ಲಿಂದ ಮುಂದಿನ ಕಾಲವನ್ನ ಗಿಟಾರ್ ಪಂಡಿತರು ಗುಣಮಟ್ಟ ಕುಸಿದ ಕಾಲ ಅಂತಲೇ ಬೈತಾರೆ. ಎಪ್ಪತ್ತರ ದಶಕದಲ್ಲಿ ಜಪಾನಿನ ಟೊಕಾಯ್, ಗ್ರೆಕೋ ಮುಂತಾದವರು ಹಳೇ ಫೆಂಡರ್‌ಗಳ ಎಂಥ ನಕಲು ತೆಗೆದರು ಅಂದ್ರೆ ಅಸಲಿನವರಿಗೇ ನಡುಕ ಹುಟ್ಟಿತು. ಅದಕ್ಕೆ ಕಂಪನಿ ಕೊಟ್ಟ ಉತ್ತರವೇ ಸ್ಕ್ವಾಯರ್. ತಾವು ಹಿಂದೆ ಕೊಂಡಿದ್ದ ಒಂದು ತಂತಿ ಕಂಪನಿಯ ಹೆಸರನ್ನ ಅಂಟಿಸಿ, 1982ರಿಂದ ಜಪಾನಿನ ಫುಜಿಜೆನ್ ಕಾರ್ಖಾನೆಯಲ್ಲಿ ಗಿಟಾರ್ ಮಾಡಿಸಿದರು. ಆಗ ‘ಜಪಾನ್ ಮಾಲು’ ಅನ್ನೋದು ಬೈಗುಳ. ಅದೇ ಮೊದಲ ಸ್ಕ್ವಾಯರ್‌ಗಳನ್ನ ಇವತ್ತು ಸಂಗ್ರಾಹಕರು ಜೆವಿ ಸೀರೀಸ್ ಅಂತ ಹುಡುಕಿ ಹುಡುಕಿ ಕೊಳ್ತಾರೆ. ಈಗ ‘ಇಂಡೋನೇಷ್ಯಾ ಮಾಲು’, ‘ಚೀನಾ ಮಾಲು’ ಅನ್ನುವವರು ಒಂದು ಮೂವತ್ತು ವರ್ಷ ಕಾಯಬೇಕು ಅಷ್ಟೆ.

ಇನ್ನೊಂದು ತಮಾಷೆ ಕೇಳಿ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್ 2019ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರ್‌ಗೆ ಹೋಯ್ತು. ಅದು 1969ರ ಗಿಟಾರ್, ಪಂಡಿತರು ಬೈಯೋ ಸಿಬಿಎಸ್ ಕಾಲದ್ದೇ. ಅವರು ಅದರ ಕತ್ತು ಬದಲಿಸಿದ್ದರು, ಪಿಕಪ್ ಬದಲಿಸಿದ್ದರು, ಮೈಗೆ ತೂತು ಕೊರೆದು ಮತ್ತೆ ಮುಚ್ಚಿದ್ದರು. ಎರಿಕ್ ಕ್ಲಾಪ್ಟನ್ ಅವರ ‘ಬ್ಲ್ಯಾಕಿ’ ಇನ್ನೂ ಮಜಾ. 1970ರಲ್ಲಿ ನ್ಯಾಶ್‌ವಿಲ್‌ನ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡ್ ಸ್ಟ್ರಾಟ್‌ಗಳಿಂದ ಒಂದೊಂದು ಭಾಗ ಕಿತ್ತು ಜೋಡಿಸಿದ್ದು ಅದು. 2004ರಲ್ಲಿ 9,59,500 ಡಾಲರ್‌ಗೆ ಮಾರಾಟ ಆಯ್ತು. ನಾವು ಪೂಜೆ ಮಾಡೋ ‘ಒರಿಜಿನಲ್’ಗಳ ಒಡೆಯರು ಅವನ್ನ ಸ್ಪಾನರ್ ಹಿಡಿದು ಬಿಚ್ಚಿ ಕಟ್ಟಿದವರು. ಇಎಂಐ ಕಟ್ಟಿ ತಂದು, ಗೀರು ಬೀಳುತ್ತೆ ಅಂತ ಹೆದರಿ ಗೋಡೆಗೆ ನೇತು ಹಾಕಿರೋದು ನಾವು.

“ಸರಿ, ಆದ್ರೆ ಮರ? ದುಬಾರಿ ಗಿಟಾರಿನ ಮರದ ನಾದವೇ ಬೇರೆ” ಅಂತೀರಾ? ಈ ವಿಷಯದಲ್ಲಿ ಮಲೆನಾಡಿನವರು ನಗಬೇಕು. ದುಬಾರಿ ಗಿಟಾರ್‌ನಲ್ಲಿ ಬೆರಳು ಓಡೋ ಪಟ್ಟಿಗೆ ಹಾಕೋ ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಬೀಟೆ. 2017ರಲ್ಲಿ ರೋಸ್‌ವುಡ್ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಮ ಬಿಗಿಯಾದಾಗ ಕಂಪನಿಗಳು ಬೇರೆ ಮರ ಹುಡುಕಿದವು. ಎಷ್ಟೋ ಸ್ಕ್ವಾಯರ್‌ಗಳಿಗೆ ಈಗ ಇಂಡಿಯನ್ ಲಾರೆಲ್ ಹಾಕ್ತಾರೆ. ಲಾರೆಲ್ ಅಂದ್ರೆ ಯಾವುದೋ ಪರದೇಶಿ ಸೊಪ್ಪು ಅಂದ್ಕೋಬೇಡಿ, ಅದು ನಮ್ಮ ಮತ್ತಿ ಮರ. ನಮ್ಮ ಕಾಡುಗಳಲ್ಲಿ ಬೀಟೆ, ಮತ್ತಿ ಅಕ್ಕಪಕ್ಕ ಬೆಳೀತವೆ. ಎಷ್ಟೋ ಹಳೇ ಮನೆಗಳ ತೊಲೆ, ಕಂಬ ಮತ್ತಿಯದ್ದೇ. ತಲೆ ಮೇಲಿನ ಮಾಳಿಗೆ ಹೊರೋಕೆ ಯೋಗ್ಯವಾದ ಮರ, ನಮ್ಮ ಬೆರಳಿನ ಭಾರ ಹೊರೋಕೆ ಅಯೋಗ್ಯ ಅಂತ ಲಾರೆಲ್ಲನ್ನ ಹೀಗಳೆಯುವವರು ತೀರ್ಮಾನ ಮಾಡಿಬಿಟ್ಟಿದ್ದಾರೆ!

ಕಿವಿಯನ್ನಾದರೂ ನಂಬೋಣ ಅಂದ್ರೆ ಅದೂ ಹೆಸರು ಓದೋ ಕಿವಿ. ಪಿಟೀಲಿನ ಲೋಕದಲ್ಲಿ ಇದರ ಪರೀಕ್ಷೆಯೇ ಆಗಿದೆ. ಕ್ಲಾಡಿಯಾ ಫ್ರಿಟ್ಜ್, ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ವಾದಕರಿಗೆ ಪಿಟೀಲು ಗುರುತು ಸಿಗದ ಹಾಗೆ ಮಂದ ಬೆಳಕಿನಲ್ಲಿ ಕಪ್ಪು ಕನ್ನಡಕ ಹಾಕಿಸಿ, ಸ್ಟ್ರಾಡಿವೇರಿಯಸ್ ಸೇರಿದಂತೆ ಹಳೇ ಇಟಲಿಯ ಪಿಟೀಲುಗಳನ್ನೂ ಹೊಸವನ್ನೂ ಕೊಟ್ಟರು. ಹೆಚ್ಚಿನವರು ಮನೆಗೆ ಒಯ್ಯೋಕೆ ಆರಿಸಿದ್ದು ಹೊಸದನ್ನ. ಅಲ್ಲಿ ಮರದ ಪೆಟ್ಟಿಗೆಯೇ ನಾದ ಹೊರಡಿಸೋದು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಪಿಕಪ್ ಹಿಡಿಯೋದು ಉಕ್ಕಿನ ತಂತಿಯ ಕಂಪನವನ್ನ. ಅದಾದಮೇಲೆ ಆಂಪ್ಲಿಫೈಯರ್, ಸ್ಪೀಕರ್ ಬೇರೆ. ಇಷ್ಟೆಲ್ಲ ದಾಟಿ ಬಂದ ದನಿಯಲ್ಲಿ ‘ಮರದ ಆತ್ಮ’ ಕೇಳಿಸ್ತು ಅನ್ನುವವರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಒಂದು ಸಲ ಹೇಳಲಿ.

ಹಾಗಂತ ಆ ಕಡೆಯ ಗುಂಪಿಗೂ ನಾನು ಸೇರಲ್ಲ. ಯೂಟ್ಯೂಬ್‌ನಲ್ಲಿ ದಿನಕ್ಕೊಬ್ಬರು ಬಂದು “ಎರಡೂ ಒಂದೇ ಗುರೂ, ಹೆಸರಿಗೆ ದುಡ್ಡು ಅಷ್ಟೇ” ಅಂತಾರೆ. ಸುಳ್ಳು. ಎರಡೂ ಒಂದೇ ಅಲ್ಲ. ತೀರಾ ಅಗ್ಗದ ಸ್ಟ್ರಾಟ್‌ಗಳಲ್ಲಿ ಸಾಮಾನ್ಯವಾಗಿ ಪಿಕಪ್ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇರುತ್ತೆ. ದುಬಾರಿಯದರಲ್ಲಿ ಅಲ್ನಿಕೋ ಕಂಬಿಗಳು. ದನಿಯ ಈ ವ್ಯತ್ಯಾಸ ಕೇಳುತ್ತೆ. ಅಗ್ಗದ್ದರಲ್ಲಿ ಟ್ಯೂನರ್ ಸಡಿಲ, ಸ್ವಿಚ್ ಬೇಗ ಕರಕರ ಅನ್ನುತ್ತೆ, ಬ್ರಿಜ್‌ನ ಲೋಹ ಹಗುರ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕೊನೆಯ ಹಂತದ ಕೈಕೆಲಸದ್ದು. ಫ್ರೆಟ್ ತುದಿ ಉಜ್ಜೋದು, ನಟ್ ಕೊರೆಯೋದು, ಕತ್ತಿನ ಅಂಚು ಉರುಟು ಮಾಡೋದು, ಇವಕ್ಕೆಲ್ಲ ಹೊತ್ತು ಬೇಕು. ಅಗ್ಗದ ಗಿಟಾರಿಗೆ ಆ ಹೊತ್ತು ಕೊಡೋದಿಲ್ಲ. ಇಂಡೋನೇಷ್ಯಾದ ಕೆಲಸಗಾರರಿಗೆ ಕೌಶಲ ಕಮ್ಮಿ ಅಂತ ಅಲ್ಲ, ಗಡಿಯಾರ ಅವರ ಕೈಯಲ್ಲಿಲ್ಲ. ನಾವು ಉಳಿಸೋ ದುಡ್ಡಿನ ದೊಡ್ಡ ಪಾಲು ಅವರ ಗಂಟೆಗಳದ್ದು, ಅವರ ಕೂಲಿಯದ್ದು. ಅದನ್ನ ಮರೆತು “ಎರಡೂ ಒಂದೇ” ಅನ್ನೋದು ಕಂಪನಿಗೆ ಪುಕ್ಕಟೆ ಜಾಹೀರಾತು. ಆರಂಭಿಕರಿಗೆ ಅಂತಲೇ ಮಾರೋ ವಾದ್ಯದ ನಟ್ ಆರಂಭಿಕರ ಬೆರಳನ್ನೇ ಸೋಲಿಸುತ್ತೆ ಅಂದ್ರೆ ಅದು ಕಂಪನಿ ಹೊರಬೇಕಾದ ತಪ್ಪು. ಅದನ್ನ ಜೋರಾಗಿ ಹೇಳೋಣ.

ಆದ್ರೆ ಇದರಲ್ಲಿ ಬಹುಪಾಲು ಸರಿ ಮಾಡಬಹುದಾದದ್ದು. ಮನೆಗೆ ವೀಣೆ ತಂದವರು ಮೇಣ ಹಾಕಿಸಿ ಮೇಳ ಕಟ್ಟಿಸ್ತಾರೆ, ಕೆಲವು ವರ್ಷ ಆದಮೇಲೆ ಮತ್ತೆ ಕಟ್ಟಿಸ್ತಾರೆ. ಯಾರೂ ಅದನ್ನ ನಕಲಿ ವೀಣೆ ಅನ್ನಲ್ಲ. ಗಿಟಾರಿಗೂ ಅದೇ ನ್ಯಾಯ ಇರಲಿ. ಕೊಂಡಾಗಲೇ ಸೆಟಪ್ ಖರ್ಚನ್ನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಸೆಟಪ್ ಆಗದ ಸ್ಕ್ವಾಯರನ್ನ ಸೆಟಪ್ ಆದ ಫೆಂಡರ್ ಪಕ್ಕ ಇಟ್ಟು ತೂಗೋದು, ನಿದ್ದೆಯಿಂದ ಎಬ್ಬಿಸಿದವನನ್ನ ಓಟದ ಪಂದ್ಯಕ್ಕೆ ನಿಲ್ಲಿಸಿದ ಹಾಗೆ.

ಅಂಗಡಿಯಲ್ಲಿ ನೋಡಬೇಕಾದ್ದು ಕಷ್ಟವೇನಲ್ಲ. ಕತ್ತಿನ ಎರಡೂ ಅಂಚಿಗೆ ಅಂಗೈ ಸವರಿ, ಫ್ರೆಟ್ ತುದಿ ಚುಚ್ಚುತ್ತಾ ನೋಡಿ. ಎರಡು ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದು ಇರಬೇಕು. ಬಿಡಿ ತಂತಿಯ ಸ್ವರವೂ ಹನ್ನೆರಡನೇ ಫ್ರೆಟ್‌ನ ಸ್ವರವೂ ಒಂದೇ ಹೆಸರಿನದ್ದಾಗಿ ಟ್ಯೂನರ್‌ನಲ್ಲಿ ನಿಲ್ಲಬೇಕು. ಪ್ರತಿ ತಂತಿಯನ್ನ ಪ್ರತಿ ಫ್ರೆಟ್‌ನಲ್ಲಿ ಮೀಟಿ, ಎಲ್ಲಾದರೂ ಸ್ವರ ಸತ್ತು ಬೀಳುತ್ತಾ ಕೇಳಿ. ಎಲ್ಲಾ ಗುಬಟ ತಿರುಗಿಸಿ. ತಂತಿಯನ್ನ ಜೋರಾಗಿ ಎಳೆದು ಬಿಟ್ಟು, ಶ್ರುತಿಗೆ ವಾಪಸ್ ಬರುತ್ತಾ ನೋಡಿ. ಕತ್ತು ತಿರುಚಿದ್ದರೆ, ಫ್ರೆಟ್ ಎದ್ದು ಕೂತಿದ್ದರೆ ಮುಲಾಜಿಲ್ಲದೆ ವಾಪಸ್ ಕೊಡಿ. ನಟ್, ತಂತಿಯ ಎತ್ತರ, ಕರಕರ ಸದ್ದಿನ ಸ್ವಿಚ್ ಆದ್ರೆ ಹೆದರಬೇಡಿ. ಇದೇ ಪರೀಕ್ಷೆಯನ್ನ ಎರಡು ಲಕ್ಷದ ಗಿಟಾರಿಗೂ ಮಾಡಿ. ಅದಕ್ಕೆ ಯಾಕೆ ವಿನಾಯಿತಿ?

ಇನ್ನು ಯಾರಾದರೂ ತಮ್ಮ ಹೊಸ ಸ್ಕ್ವಾಯರ್ ತಂದು ನಿಮ್ಮ ಕೈಗಿಟ್ಟರೆ ದಯವಿಟ್ಟು ಬಾಯಿ ಮುಚ್ಚಿಕೊಂಡು ಟ್ಯೂನ್ ಮಾಡಿ. ಒಂದು ಹಾಡು ನುಡಿಸಿ. ಆಮೇಲೆ ನಟ್ ನೋಡಿ. “ಕಲಿಯೋಕೆ ಸಾಕು” ಅನ್ನೋ ಮಾತು ಬಾಯಿಗೆ ಬಂದರೆ ನುಂಗಿಬಿಡಿ. ಕಲಿಯುವವರಿಗೆ ಇರೋದರಲ್ಲೇ ಚೆನ್ನಾಗಿ ಸೆಟ್ ಆದ ವಾದ್ಯ ಬೇಕು. ಪಳಗಿದ ಕೈಯಾದರೆ ಕೆಟ್ಟ ಗಿಟಾರಿನಲ್ಲೂ ಹೇಗೋ ನಿಭಾಯಿಸುತ್ತೆ.

ಅಕ್ಕನ ಮಗ ಈಗ ಹಾಸ್ಟೆಲ್‌ನಲ್ಲಿದ್ದಾನೆ. ಗಿಟಾರ್ ಜೊತೆಗೇ ಒಯ್ದಿದ್ದಾನೆ. ಪಿಕಪ್ ಬದಲಿಸಬೇಕು ಅಂತ ಓಡಾಡ್ತಿದ್ದಾನಂತೆ, ಅಕ್ಕ ಹೇಳಿದಳು. ಯಾವುದು ಹಾಕಿಸಲಿ ಅಂತ ನನ್ನನ್ನ ಮಾತ್ರ ಕೇಳಿಲ್ಲ. ಕೇಳದೇ ಇರೋದೇ ಒಳ್ಳೇದು.