ಉಚಿತವೋ, ಹಣ ಕೊಟ್ಟು ಪಡೆಯುವುದೋ?



ಕೃತಕ ಬುದ್ಧಿಮತ್ತೆಯ ಸಹಾಯಕ ಈಗ ನಮ್ಮೆಲ್ಲರ ಮೊಬೈಲಿಗೆ ಬಂದಿದೆ. ಪತ್ರ ಬರೆಯಲು, ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಅನೇಕರು ಅದನ್ನು ಬಳಸುತ್ತಿದ್ದಾರೆ. ಉಚಿತದ್ದು ಸಾಕೆ, ಹಣ ಕೊಡಬೇಕೆ ಎಂದು ಪಿಂಚಣಿದಾರರೂ ಮಠದ ಶಾಲೆಗಳ ಶಿಕ್ಷಕರೂ ನನ್ನನ್ನು ಕೇಳುತ್ತಾರೆ.

ಮೊದಲು ಲೆಕ್ಕ ನೋಡೋಣ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಉಚಿತವಾಗಿಯೇ ಬಂತು. 2025ರ ಆಗಸ್ಟಿನಲ್ಲಿ ಭಾರತಕ್ಕೆಂದು ತಿಂಗಳಿಗೆ 399 ರೂಪಾಯಿಯ ‘ಗೋ’ ಯೋಜನೆ ಬಂದಿತು. ಆಗ ‘ಪ್ಲಸ್’ ಯೋಜನೆಗೆ 1,999 ರೂಪಾಯಿ. ವರ್ಷಕ್ಕೆ ಕ್ರಮವಾಗಿ 4,788 ಮತ್ತು 23,988 ರೂಪಾಯಿ. ಅದೇ ನವೆಂಬರಿನಿಂದ ‘ಗೋ’ ಒಂದು ವರ್ಷ ಉಚಿತವೆಂದು ಘೋಷಿಸಿದರು. ಇಂಥ ಕೊಡುಗೆಗಳಲ್ಲಿ ಯುಪಿಐ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದರೆ, ಅವಧಿ ಮುಗಿದೊಡನೆ ಖಾತೆಯಿಂದ ಹಣ ಕಡಿತವಾಗುತ್ತದೆ. ಬೇಡವಾದರೆ ಮೊದಲೇ ರದ್ದು ಮಾಡಿ.

ಹಣ ಕೊಟ್ಟರೆ ಬಳಕೆಯ ಮಿತಿ ಹೆಚ್ಚುತ್ತದೆ, ಹೆಚ್ಚು ಸಮರ್ಥ ಮಾದರಿಗಳು ದೊರೆಯುತ್ತವೆ. ಆದರೆ ಸತ್ಯದ ಖಾತರಿ ದೊರೆಯುವುದಿಲ್ಲ. ಇಲ್ಲದ ವಚನವೊಂದನ್ನು ಕಟ್ಟಿ, ಶರಣರ ಅಂಕಿತ ಹಾಕಿ ಕೊಡುವ ಅಪಾಯ ಎರಡರಲ್ಲೂ ಇದೆ. ಮುದ್ರಿತ ಸಂಪುಟದೊಂದಿಗೆ ಹೋಲಿಸದೆ ಯಾವ ವಚನವನ್ನೂ ವೇದಿಕೆಗೆ ಒಯ್ಯಬೇಡಿ. ವೈಯಕ್ತಿಕ ಯೋಜನೆಗಳಲ್ಲಿ, ಹಣ ಕೊಟ್ಟರೂ ಸಹ, ನಮ್ಮ ಸಂಭಾಷಣೆ ಮಾದರಿಯ ತರಬೇತಿಗೆ ಬಳಕೆಯಾಗಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಿ. ವಿದ್ಯಾರ್ಥಿಗಳ ಆಧಾರ್ ಸಂಖ್ಯೆ, ದಾನಿಗಳ ವಿವರ ಅದಕ್ಕೆ ಕೊಡಲೇಬೇಡಿ.

ಹಾಗಾದರೆ ನಿರ್ಧಾರ ಹೇಗೆ? ನೀರಿನ ಬೇಡಿಕೆ ಅಳೆಯದೆ ಪಂಪಿನ ಅಶ್ವಶಕ್ತಿ ನಿಗದಿಪಡಿಸಬಾರದೆಂಬುದು ನಮ್ಮ ಇಂಜಿನಿಯರುಗಳ ಪಾಠ. ಇಲ್ಲಿಯೂ ಅಷ್ಟೇ. ಒಂದು ತಿಂಗಳು ಉಚಿತದ್ದನ್ನೇ ಬಳಸಿ. ಮಿತಿ ಮುಗಿದು ಕೆಲಸ ನಿಂತ ದಿನಗಳನ್ನು ಡೈರಿಯಲ್ಲಿ ಗುರುತು ಹಾಕಿ. ಎರಡು ಮೂರು ದಿನ ಮಾತ್ರವಾದರೆ ಕಾಯುವುದೇ ಲೇಸು. ದಿನವೂ ಕಾಯಕಕ್ಕೆ ಅಡ್ಡಿಯಾಗುತ್ತಿದ್ದರೆ ಒಂದು ತಿಂಗಳಿಗಷ್ಟೇ ಹಣ ಕೊಟ್ಟು, ಮತ್ತೆ ಅಳೆಯಿರಿ.

ಸಂಸ್ಥೆಗಳು ಇನ್ನೂ ಎಚ್ಚರದಿಂದಿರಬೇಕು. ಎಲ್ಲ ಸಿಬ್ಬಂದಿಗೂ ಒಟ್ಟಿಗೆ ಕೊಳ್ಳುವ ಬದಲು, ನಿಜವಾಗಿ ಬೇಕಾದವರಿಗೆ ಮಾತ್ರ ಕೊಡಿಸಲಿ. ಖರ್ಚಾಗುವುದು ಭಕ್ತರು ದಾಸೋಹಕ್ಕೆಂದು ಕೊಟ್ಟ ಹಣ. ಅದರ ಪ್ರತಿ ರೂಪಾಯಿಗೂ ನಾವು ಲೆಕ್ಕ ಒಪ್ಪಿಸಬೇಕು.