ಮೇಜಿನ ರಣರಂಗಕ್ಕೆ ಹೊಗೆ ಬೇಕು

ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರನ್ನು ಹೂಡಿ, ದಾಳ ಉರುಳಿಸಿ, ಅಳತೆಗೋಲು ಹಿಡಿದು ಆಡುವ ಯುದ್ಧದಾಟವನ್ನು ನಮ್ಮ ಕಾಲೇಜಿನಲ್ಲಿ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಆ ನಾಲ್ಕಾರು ಜನರಲ್ಲಿಯೂ ಈಗ ಒಂದು ವಾಗ್ವಾದ ಎದ್ದಿದೆ. ಆಟದಲ್ಲಿ ಹೊಗೆ ಇರಬೇಕೇ, ಬೇಡವೇ? ಬೇಡವೆನ್ನುವ ಮಿತ್ರರ ವಾದವಿಷ್ಟು: ಹತ್ತಿಯ ಉಂಡೆಗಳನ್ನು ಮೇಜಿನ ತುಂಬ ಹರಡಿ ಇದೇ ಹೊಗೆ ಎಂದರೆ ಅದು ಮಕ್ಕಳಾಟ, ಆಟ ನಿಧಾನವಾಗುತ್ತದೆ, ಜಗಳ ಹೆಚ್ಚುತ್ತದೆ. ಈ ಮಾತಿನಲ್ಲಿ ಅರ್ಧ ನಿಜವುಂಟು. ಆದರೂ ಹೊಗೆಯಿಲ್ಲದ ಯುದ್ಧದಾಟವು ಯುದ್ಧದ ವಿಷಯದಲ್ಲಿ ನಮಗೆ ಸುಳ್ಳು ಹೇಳುತ್ತದೆಂದು ನನ್ನ ದೃಢವಾದ ಅಭಿಪ್ರಾಯ. ಚರಿತ್ರೆಯನ್ನು ಐಚ್ಛಿಕವಾಗಿ ಓದುವವರಾದರೂ ಇದನ್ನು ಸ್ವಲ್ಪ ಯೋಚಿಸಬೇಕು.

ನಮ್ಮ ನಾಡಿನ ಮಣೆಯಾಟಗಳಲ್ಲಿ ಮುಚ್ಚುಮರೆಯೆಂಬುದಿಲ್ಲ. ಹುಲಿ-ಕುರಿ ಆಟದಲ್ಲಿ ಹುಲಿ ಎಲ್ಲಿ ಕುಳಿತಿದೆಯೆಂಬುದು ಕುರಿಗೂ ಗೊತ್ತು. ಪಗಡೆ, ಚೌಕಾಬಾರ, ಚದುರಂಗ ಎಲ್ಲವೂ ಹೀಗೆಯೇ. ನಮ್ಮ ಚಾಮರಾಜನಗರಕ್ಕೆ ತನ್ನ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ನಡೆಸುವ ಬಂಧವನ್ನು ರಚಿಸಿದ ಜಾಣರು ಅವರು. ಅದು ಬುದ್ಧಿಯ ವ್ಯಾಯಾಮ, ಸಂದೇಹವಿಲ್ಲ. ಆದರೆ ಮಣೆಯ ಮೇಲೆ ಮಂಜು ಕವಿಯುವುದಿಲ್ಲವಷ್ಟೆ! ಗುಂಡ್ಲುಪೇಟೆಯ ಕಡೆಯವರಿಗೆ ಮಂಜಿನ ಮಾತು ಹೇಳಿಕೊಡಬೇಕಾಗಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬೆಳಗಿನ ಜಾವ ಹೋದವರು, ಹತ್ತು ಮಾರು ದೂರದಲ್ಲಿ ನಿಂತದ್ದು ಹಸುವೋ ಆನೆಯೋ ತಿಳಿಯದೆ ಎದೆ ಹಿಡಿದು ನಿಂತಿರುತ್ತಾರೆ. ಸೇನಾನಿಯ ಸ್ಥಿತಿಯೂ ಬಹುಮಟ್ಟಿಗೆ ಅದೇ.

ಕೋವಿಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಇವುಗಳ ಮಿಶ್ರಣ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ನುಣ್ಣನೆಯ ಪುಡಿಯಾಗಿಯೇ ಉಳಿದು ಗಾಳಿಯಲ್ಲಿ ತೇಲುತ್ತದೆ. ಅದೇ ಆ ಬಿಳಿಯ ದಟ್ಟ ಹೊಗೆ. ಒಂದು ಪಟಾಲಮ್ಮು ಎರಡು ಬಾರಿ ಗುಂಡು ಹಾರಿಸಿದರೆ ಸಾಕು, ತನ್ನ ಹೊಗೆಯಲ್ಲಿ ತಾನೇ ಕುರುಡಾಗುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಎಂಬಾತ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿಯುವವರೆಗೆ ಲೋಕದ ರಣರಂಗಗಳೆಲ್ಲ ಹೀಗೆಯೇ ಇದ್ದವು, ಹೈದರನವೂ, ಟಿಪ್ಪುವಿನವೂ.

1780ರ ಸೆಪ್ಟೆಂಬರ್ 10ರಂದು ಕಂಚಿಗೆ ಸಮೀಪದ ಪೊಳ್ಳಿಲೂರಿನಲ್ಲಿ ನಡೆದ ಕದನವನ್ನು ನೋಡಿ. ಕರ್ನಲ್ ಬೇಯ್ಲಿಯ ಮೂರು ಸಾವಿರಕ್ಕೂ ಮೀರಿದ ದಂಡನ್ನು ಮೈಸೂರಿನವರು ಸುತ್ತುವರಿದರು. ಬಾಣಗಳು ಹಾರಿದವು, ಮದ್ದಿನ ಬಂಡಿಗಳು ಸ್ಫೋಟಿಸಿದವು, ಬೇಯ್ಲಿ ಸೆರೆಸಿಕ್ಕಿದ. ಕಂಚಿಯಲ್ಲಿದ್ದ ಹೆಕ್ಟರ್ ಮನ್ರೋ ನೆರವಿಗೆ ಬಂದು ಸೇರಲಿಲ್ಲ. ಭಾರಿ ಫಿರಂಗಿಗಳನ್ನು ಅಲ್ಲಿನ ಕೊಳಕ್ಕೆ ಎಸೆದು ಮದರಾಸಿನ ಕಡೆಗೆ ಹಿಮ್ಮೆಟ್ಟಿದ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಾವೆಲ್ಲರೂ ಮನ್ರೋವಿಗೆ ಹೇಡಿಯೆಂದೋ ಮೂರ್ಖನೆಂದೋ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ನಮ್ಮ ಮುಂದೆ ನಕ್ಷೆಯಿದೆ, ಬಾಣದ ಗುರುತುಗಳಿವೆ. ಅವನ ಮುಂದೆ ಏನಿತ್ತು?

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಇದೇ ಕದನದ ಚಿತ್ರವಿದೆ. ನೋಡಿದವರು ಮರೆಯಲಾರರು. ಸಾಲು ಸಾಲಾಗಿ ಕುದುರೆ ಸವಾರರು, ನಡುವೆ ಚೌಕ ಕಟ್ಟಿ ನಿಂತ ಕೆಂಪಂಗಿಯವರು, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಪ್ರತಿಯೊಬ್ಬನ ಮೀಸೆಯೂ ಸ್ಪಷ್ಟ! ಅದು ಗೆದ್ದವರ ಮನೆಯ ಚಿತ್ರ, ಹಾಗಿರುವುದು ಸಹಜವೇ. ಆದರೆ ಆ ದಿನ ಆ ಬಯಲಿನಲ್ಲಿ ನಿಂತಿದ್ದ ಒಬ್ಬನಿಗಾದರೂ ಕದನವು ಹೀಗೆ ಕಂಡಿರಲಾರದು. ಹೊಗೆಯಿಲ್ಲದ ಮೇಜಿನಾಟವು ಈ ಗೋಡೆಯ ಚಿತ್ರವನ್ನೇ ಮತ್ತೊಮ್ಮೆ ಬರೆಯುತ್ತದೆ.

ಇದನ್ನು ಹಿಂದೆಯೇ ಅರಿತವರಿದ್ದರು. 1824ರಲ್ಲಿ ಪ್ರಷ್ಯದ ರೈಸ್ವಿಟ್ಜ್ ಎಂಬ ಅಧಿಕಾರಿ ಸೈನ್ಯದವರಿಗಾಗಿ ರೂಪಿಸಿದ ಆಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥನಿರುತ್ತಿದ್ದ. ಯಾರ ದಂಡಿಗೆ ಏನು ಕಾಣಬಹುದೋ ಅಷ್ಟನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುತ್ತಿದ್ದ. 1913ರಲ್ಲಿ ಎಚ್. ಜಿ. ವೆಲ್ಸ್ ಮನೆಯ ನೆಲದ ಮೇಲೆ ಆಡುವ ಪುಟ್ಟ ಯುದ್ಧಗಳ ಪುಸ್ತಕ ಬರೆದಾಗ, ದಂಡು ಹೂಡುವಷ್ಟು ಹೊತ್ತು ನಡುವೆ ಒಂದು ಪರದೆ ಎಳೆಯಬೇಕೆಂದ. ಪರದೆ ಸರಿದ ಮೇಲೆ ಮಾತ್ರ ಎಲ್ಲವೂ ಬೆಳ್ಳಂಬೆಳಗು. ಅಷ್ಟರಮಟ್ಟಿಗೆ ವೆಲ್ಸನ ಆಟ ರೈಸ್ವಿಟ್ಜನ ಆಟಕ್ಕಿಂತ ಹಿಂದೆ ಬಿದ್ದಿತೆನ್ನಬೇಕು.

ಇನ್ನು ಬೇಕೆಂದೇ ಎಬ್ಬಿಸುವ ಹೊಗೆ. 1701ರಲ್ಲಿ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್ ರೀಗಾ ನಗರದ ಬಳಿ ದ್ವಿನಾ ನದಿಯನ್ನು ದಾಟುವಾಗ ಒದ್ದೆ ಹುಲ್ಲನ್ನು ಸುಡಿಸಿದ. ಗಾಳಿ ಶತ್ರುಗಳ ದಡದತ್ತ ಬೀಸಿ ಅವನ ದೋಣಿಗಳನ್ನು ಮರೆಮಾಡಿತು. 1918ರ ಏಪ್ರಿಲ್ 23ರಂದು ಬೆಲ್ಜಿಯಮ್ಮಿನ ಜೀಬ್ರುಗ್ಗೆ ಬಂದರಿನ ಮೇಲೆ ಬ್ರಿಟಿಷ್ ನೌಕಾಪಡೆ ಹೊಗೆಯ ಮರೆಯಲ್ಲಿಯೇ ನುಗ್ಗಿತು. ಬಾಣಬಿರುಸುಗಳ ಮನೆತನದ ಬ್ರಾಕ್ ಎಂಬವನು ಆ ಹೊಗೆಯನ್ನು ಸಿದ್ಧಪಡಿಸಿದ್ದ. ದಡ ಮುಟ್ಟುವ ಹೊತ್ತಿಗೆ ಸರಿಯಾಗಿ ಗಾಳಿ ತಿರುಗಿತು, ಹೊಗೆ ಹಿಂದಕ್ಕೆ ಹೋಯಿತು, ವಿಂಡಿಕ್ಟಿವ್ ಹಡಗು ಫಿರಂಗಿಗಳ ಎದುರು ಬತ್ತಲೆಯಾಗಿ ನಿಂತಿತು. ಬ್ರಾಕನೂ ಅಲ್ಲಿಯೇ ಮಡಿದ.

ಆದ್ದರಿಂದ ಆಟದ ಹೊಗೆಯೂ ಗಾಳಿಗೆ ಅಧೀನವಾಗಿರಬೇಕು. ಕೆಲವು ಮಿತ್ರರು ಹೊಗೆಯನ್ನು ಇಟ್ಟಲ್ಲಿಯೇ ಇರುವ ಕೋಟೆಯ ಗೋಡೆಯಂತೆ ಬಳಸುತ್ತಾರೆ; ತಾವು ಅದರ ಹಿಂದಿನಿಂದ ಹೊಡೆಯುತ್ತಾರೆ, ಎದುರಾಳಿ ಮಾತ್ರ ಹೊಡೆಯಬಾರದಂತೆ! ಇದು ನ್ಯಾಯವಲ್ಲ. ಹೊಗೆ ಇಬ್ಬರಿಗೂ ಕುರುಡು. ನನ್ನ ಸಲಹೆಯೆಂದರೆ, ಪ್ರತಿ ಸರದಿಯ ಆರಂಭದಲ್ಲಿ ಗಾಳಿಗಾಗಿ ದಾಳ ಹಾಕಬೇಕು. ಹೊಗೆ ಆ ದಿಕ್ಕಿಗೆ ಒಂದು ಗೇಣು ಸರಿಯಬೇಕು, ಮೂರನೆಯ ಸರದಿಗೆ ಕರಗಬೇಕು. ಕೋವಿ ಹಾರಿಸಿದ ತುಕಡಿಯ ಮುಂದೆಯೂ ಒಂದು ಎಳೆ ಹತ್ತಿ ಬೀಳಬೇಕು. ಹೊಗೆಯೊಳಗೆ ಹೊಕ್ಕ ತುಕಡಿಯನ್ನು ಮೇಜಿನಿಂದ ಎತ್ತಿ, ಅದರ ನಡೆಯನ್ನು ಚೀಟಿಯಲ್ಲಿ ಬರೆದು ಮಧ್ಯಸ್ಥನಿಗೆ ಕೊಡಬೇಕು. ಮೇಲಿನಿಂದ ಬಗ್ಗಿ ನೋಡುವ ಆಟಗಾರನ ಕಣ್ಣನ್ನು ಕಟ್ಟುವುದು ಈ ಚೀಟಿಯೇ. ಹತ್ತಿ ಬರಿಯ ಗುರುತು. ನಿಜವಾದ ಹೊಗೆಗಾಗಿ ಊದುಬತ್ತಿ ಹಚ್ಚುವ ಪ್ರಯೋಗವೂ ಹಾಸ್ಟೆಲಿನಲ್ಲಿ ನಡೆಯಿತು. ಕೋಣೆಯಲ್ಲಿ ಭಜನೆಯೆಂದು ತಿಳಿದು ಇಬ್ಬರು ಬಂದು ಕುಳಿತದ್ದಲ್ಲದೆ ಬೇರೆ ಫಲವಾಗಲಿಲ್ಲ.

ಇಂಥ ಆಟ ಯುವಕರಲ್ಲಿ ಯುದ್ಧದ ಚಪಲವನ್ನು ಬೆಳೆಸುತ್ತದೆಂದು ಶಂಕಿಸುವ ಹಿರಿಯರಿದ್ದಾರೆ. ಹೊಗೆಯಿಲ್ಲದೆ ಆಡಿದರೆ ಆ ಶಂಕೆ ಸರಿಯಾದದ್ದೇ. ಎಲ್ಲವೂ ಕಾಣುತ್ತದೆ, ಎಲ್ಲವೂ ಕೈಯಳತೆಯಲ್ಲಿದೆ, ಸತ್ತವರು ಪೆಟ್ಟಿಗೆಗೆ ಹೋಗುತ್ತಾರೆ. ಚೀಟಿಯ ಆಟದಲ್ಲಿ ಹಾಗಲ್ಲ. ಹೊಗೆ ಸರಿದಾಗ, ಇಷ್ಟು ಹೊತ್ತು ನಾವು ಗುಂಡಿಕ್ಕುತ್ತಿದ್ದುದು ನಮ್ಮದೇ ತುಕಡಿಗೆಂದು ಮಧ್ಯಸ್ಥನು ತಿಳಿಸುವುದುಂಟು. ಆಗ ಮೇಜಿನ ಸುತ್ತ ಯಾರೂ ನಗುವುದಿಲ್ಲ.

ಚರಿತ್ರೆಯ ಅಧ್ಯಾಪಕ ಮಹಾಶಯರಲ್ಲಿ ಒಂದು ಬಿನ್ನಹ. ಮುಂದಿನ ವರ್ಷ ಪೊಳ್ಳಿಲೂರಿನ ಪಾಠ ಬಂದಾಗ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಬಿಟ್ಟುಕೊಡಿ. ಬೇಯ್ಲಿಯಾಗುವವನು ಒಂದು ಕೊಠಡಿಯಲ್ಲಿ, ಮನ್ರೋ ಆಗುವವನು ಇನ್ನೊಂದರಲ್ಲಿ ಕುಳಿತಿರಲಿ. ಅವರ ನಡುವೆ ಓಡಾಡುವುದು ಚೀಟಿ ಮಾತ್ರ. ಎರಡು ಮೇಜು, ಕೆಲವು ಬಣ್ಣದ ಗುಂಡಿಗಳು, ದೀಪದ ಬತ್ತಿಗೆಂದು ಅಂಗಡಿಯಲ್ಲಿ ಮಾರುವ ಹತ್ತಿ ಎರಡು ಹಿಡಿ ಇದ್ದರೆ ಸಾಕು. ಮಧ್ಯಸ್ಥರಾಗಿ ತಾವೇ ಇರಬೇಕು.